ಇಪ್ಪತ್ತೊಂದನೇ ಮೋದಕ

ಸಂಕಷ್ಟಿ ದಿನ ನನಗೆ ಅಡುಗೆಮನೆಯಲ್ಲಿ ಎರಡು ಸಂಕಷ್ಟ. ಒಂದು, ಹೊಟ್ಟೆ ಖಾಲಿ. ಇನ್ನೊಂದು, ಬಾಣಲೆಯಲ್ಲಿ ಕಾಯಿಬೆಲ್ಲ ಏಲಕ್ಕಿ ಸಮೇತ ಘಮಘಮ ಅನ್ನುತ್ತಿದ್ದರೂ ಬೆರಳಿಗೆ ಹತ್ತಿದ್ದನ್ನು ನೆಕ್ಕುವ ಹಾಗಿಲ್ಲ. ನೈವೇದ್ಯದ್ದನ್ನು ದೇವರಿಗಿಂತ ಮೊದಲು ರುಚಿ ನೋಡಬಾರದು ಅಂತ ಅಮ್ಮ ಹೇಳಿಕೊಟ್ಟಿದ್ದು. ಬೆಲ್ಲ ಸಾಕಾಯಿತಾ, ಉಪ್ಪು ಬಿತ್ತಾ, ಎಲ್ಲ ಅಂದಾಜೇ. ಉಳಿದ ದಿನ ಒಂದು ಸಾರು ಕುದಿಯುವಷ್ಟರಲ್ಲಿ ಮೂರು ಸಲ ಅಂಗೈಗೆ ಹಾಕಿಕೊಂಡು ನೋಡುವವಳು ನಾನು.

ತವರು ಕುಂದಾಪುರದ ಹತ್ತಿರ. ಮದುವೆಯಾಗಿ ಮುಂಬೈ ಪಕ್ಕದ ಡೊಂಬಿವಲಿಗೆ ಬಂದೆ. ಊರಲ್ಲಿ ನಮಗೆ ಗಣಪತಿ ಅಂದರೆ ಚೌತಿ, ಗಣಹೋಮ, ಪಂಚಕಜ್ಜಾಯ. ಇಲ್ಲಿ ತಿಂಗಳು ತಿಂಗಳು ಸಂಕಷ್ಟಿ. ಅದು ಮಂಗಳವಾರ ಬಿದ್ದರೆ ಅಂಗಾರಕಿ. ಅಂಥದ್ದೇ ಒಂದು ಅಂಗಾರಕಿಗೆ ಮುಂಬೈಯ ಪ್ರಭಾದೇವಿಯ ಸಿದ್ಧಿವಿನಾಯಕನ ಮುಂದೆ ಗಂಟೆಗಟ್ಟಲೆ ಸಾಲಿನಲ್ಲಿ ನಿಂತಿದ್ದೆ. 1801ರಲ್ಲಿ ಚಿಕ್ಕದಾಗಿ ಶುರುವಾದ ಗುಡಿ, ಈಗ ಜನವೋ ಜನ. ಎದುರಿಗೆ ಸಿಕ್ಕಿದ್ದು ನಾಲ್ಕೈದು ಸೆಕೆಂಡು. ಬಲಕ್ಕೆ ತಿರುಗಿದ ಸೊಂಡಿಲು ಕಂಡಿತು, ಎಡಗೈಯಲ್ಲಿ ಮೋದಕದ ಬಟ್ಟಲು ಕಂಡಿತು. ಹಿಂದಿನಿಂದ ‘ಪುಢೆ ಚಲಾ, ಪುಢೆ ಚಲಾ’, ಮುಂದೆ ಹೋಗಿ ಅಂತ. ಏನು ಕೇಳಬೇಕು ಅಂತ ತೋಚದೆ, ಒಂದು ವರ್ಷ ಪ್ರತಿ ಸಂಕಷ್ಟಿಗೂ ಇಪ್ಪತ್ತೊಂದು ಮೋದಕ ಮಾಡಿ ಇಡ್ತೇನಪ್ಪಾ ಅಂದುಬಿಟ್ಟೆ. ಯಾಕೆ ಅನ್ನೋದು ಇಲ್ಲಿ ಬೇಡ. ಅವನಿಗೂ ನನಗೂ ಗೊತ್ತಿದ್ದರೆ ಸಾಕು.

ರೈಲಿನಲ್ಲಿ ಬರುವಾಗ ನೆನಪಾಯಿತು, ನನಗೆ ಮೋದಕ ಮಾಡಲು ಬರುವುದೇ ಇಲ್ಲ!

ನಮ್ಮಲ್ಲಿ ನಾಗರಪಂಚಮಿಗೆ ಅರಿಸಿನ ಎಲೆ ಕಡುಬು ಮಾಡುತ್ತಾರೆ. ಅಕ್ಕಿ ಅರೆದು ಎಲೆಗೆ ತೆಳ್ಳಗೆ ಹಚ್ಚುವುದು, ಮೇಲೆ ಕಾಯಿಬೆಲ್ಲ, ಎಲೆ ಮಡಚಿ ಉಗಿಗೆ ಇಡುವುದು. ಮುಚ್ಚುವ ಕೆಲಸ ಎಲೆಯದ್ದು. ಉಕಡೀಚೆ ಮೋದಕ, ಅಂದರೆ ಅಕ್ಕಿಹಿಟ್ಟಿನ ಹಬೆ ಮೋದಕದಲ್ಲಿ, ಮುಚ್ಚುವ ಕೆಲಸ ಬೆರಳಿನದ್ದು. ಅಲ್ಲೇ ನಾನು ಸೋತಿದ್ದು.

ಕಲಿಸಿದವರು ಎದುರು ಮನೆಯ ಕಾಕೂ. ಮರಾಠಿಯಲ್ಲಿ ಕಾಕೂ ಅಂದರೆ ಚಿಕ್ಕಮ್ಮ. ಆಂಬೆಮೋಹರ್ ಅಕ್ಕಿಯನ್ನೇ ತರಿಸಿದರು. ಮಾವಿನ ಹೂವಿನ ವಾಸನೆ ಇದೆ ಅಂತ ಆ ಹೆಸರು. ತೊಳೆದು, ನೆರಳಲ್ಲಿ ಬಟ್ಟೆ ಮೇಲೆ ಹರವಿ ಒಣಗಿಸಿ, ಗಿರಣಿಯಲ್ಲಿ ನುಣ್ಣಗೆ ಹಿಟ್ಟು ಮಾಡಿಸಬೇಕು. ಒಂದು ಲೋಟ ಹಿಟ್ಟಿಗೆ ಒಂದು ಲೋಟ ನೀರು, ಒಂದು ಚಮಚ ತುಪ್ಪ, ಚಿಟಿಕೆ ಉಪ್ಪು. ನೀರು ಕುದಿಯುವಾಗ ಹಿಟ್ಟು ಸುರಿದು, ಕಲಸಿ, ಗ್ಯಾಸ್ ಆರಿಸಿ ಮುಚ್ಚಿಡಬೇಕು. ಇದೇ ಉಕಡ. ಆಮೇಲಿನದ್ದು ಪರೀಕ್ಷೆ. ಬಿಸಿ ಇರುವಾಗಲೇ ನಾದಬೇಕು, ಆರಿದರೆ ಅಂಚು ಒಡೆಯುತ್ತದೆ. ಕಾಕೂ ಮೊದಲು ಬಟ್ಟಲಿನ ತಳದಿಂದ ಒತ್ತುತ್ತಾರೆ, ಆಮೇಲೆ ಕೈ ಒದ್ದೆ ಮಾಡಿಕೊಂಡು ಇಳಿಯುತ್ತಾರೆ. ನಿಂಬೆ ಗಾತ್ರದ ಉಂಡೆ ತೆಗೆದು ಹೆಬ್ಬೆರಳಿನಿಂದ ಬಟ್ಟಲು ಮಾಡುತ್ತಾ, ಅಂಚು ಹಿಂಡಿ ಒಂದೊಂದೇ ದಳ ಎಬ್ಬಿಸುತ್ತಾರೆ. ಹೂರಣ ಇಟ್ಟು ಎಲ್ಲ ದಳಗಳನ್ನೂ ಮೆಲ್ಲನೆ ಮೇಲಕ್ಕೆ ಸೇರಿಸಿದರೆ ತುದಿ ತಾನೇ ಮೂಡುತ್ತದೆ. ಅವರಿಗೆ ಹನ್ನೊಂದು ದಳ ಸಲೀಸು. ನನಗೆ ಐದಾದರೆ ಹಬ್ಬ. ಬಜಾರಿನಲ್ಲಿ ಪ್ಲಾಸ್ಟಿಕ್ ಅಚ್ಚು ಸಿಗುತ್ತದೆ, ಅದನ್ನು ತರ್ಲಾ ಅಂದರೆ ಕಾಕೂ ಮುಖ ನೋಡಬೇಕಿತ್ತು. ‘ಘಾಈ ನಕೋ’ ಅಂದರು. ಅವಸರ ಬೇಡ.

ಕೈಯಲ್ಲಿ ಮೋದಕ, ಬಾಯಲ್ಲಿ ಗಣಪತಿಯ ಅಥರ್ವಶೀರ್ಷ ಮಂತ್ರ ಅಂದುಕೊಂಡಿದ್ದೆ. ಆಗಲಿಲ್ಲ. ಮಂತ್ರ ಹಿಡಿದರೆ ದಳ ತಪ್ಪುತ್ತದೆ, ದಳ ಹಿಡಿದರೆ ಮಂತ್ರ. ಸಾವಿರ ಮೋದಕದಿಂದ ಪೂಜೆ ಮಾಡಿದವನಿಗೆ ಬೇಡಿದ್ದು ಸಿಗುತ್ತದೆ ಅಂತ ಅದೇ ಅಥರ್ವಶೀರ್ಷದಲ್ಲಿದೆ. ಸಾವಿರ! ನನ್ನದು ಇಪ್ಪತ್ತೊಂದಕ್ಕೇ ಬೆರಳ ತುದಿ ಕೆಂಪು. ಈಗ ಸುಮ್ನೆ ಮಾಡುತ್ತೇನೆ. ಆ ಒಂದು ಗಂಟೆ ಮನಸ್ಸು ಅಂಚಿನಲ್ಲೇ ಇರುತ್ತದೆ, ಬೇರೆಲ್ಲೂ ಹೋಗುವುದಿಲ್ಲ. ದೇವರ ಮುಂದೆ ಕಣ್ಣು ಮುಚ್ಚಿ ಕೂತಾಗಲೂ ನನಗೆ ಅಷ್ಟು ಸಾಧ್ಯವಾಗಿಲ್ಲ.

ಇನ್ನೊಂದು ವಿಷಯ ತಮಾಷೆ ಅನಿಸುತ್ತದೆ. ಹೊಟ್ಟೆ ತುಂಬಾ ಕಡುಬು ತಿಂದು ಬಿದ್ದ ಗಣಪತಿಯನ್ನು ನೋಡಿ ನಕ್ಕವನು ಚಂದ್ರ, ಅಲ್ವಾ? ಆ ಶಾಪಕ್ಕೇ ಚೌತಿ ದಿನ ಅವನನ್ನು ನೋಡಬಾರದು ಅಂತ ಕಿಟಕಿ ಹಾಕುತ್ತಿದ್ದೆವು. ಸಂಕಷ್ಟಿಗೆ ಮಾತ್ರ ಅದೇ ಚಂದ್ರ ಬಂದ ಮೇಲೇ ಊಟ. ನಕ್ಕವನಿಗೂ ಅರ್ಘ್ಯ. ಗಣಪತಿ ಜಗಳವನ್ನು ಜಾಸ್ತಿ ದಿನ ಎಳೆಯುವವನಲ್ಲ.

ಈ ಶ್ರಾವಣದ ಸಂಕಷ್ಟಿಗೆ ಮಳೆ ಬಿಟ್ಟಿರಲಿಲ್ಲ. ಬಜಾರಿಗೆ ಅರಿಸಿನ ಎಲೆ ಬಂದಿತ್ತು. ಮೋದಕಪಾತ್ರೆಯ ತೂತಿನ ತಟ್ಟೆಗೆ ಹಾಸಿ, ಒಂದೊಂದೇ ಮೋದಕವನ್ನು ತಣ್ಣೀರಿನಲ್ಲಿ ಅದ್ದಿ ಇಟ್ಟೆ. ಹಾಗೆ ಅದ್ದಿದರೆ ಬಿರಿಯುವುದಿಲ್ಲ ಅನ್ನುತ್ತಾರೆ ಕಾಕೂ. ಹನ್ನೆರಡು ನಿಮಿಷದ ಮೇಲೆ ಮುಚ್ಚಳ ತೆಗೆದೆ. ತವರಿನ ಪಂಚಮಿಯ ವಾಸನೆಯೇ ಬಂತು. ಎಣಿಸಿದೆ. ಒಂದು ಬಾಯಿಬಿಟ್ಟು ಬೆಲ್ಲ ಸುರಿಸಿಕೊಂಡು ಮಲಗಿತ್ತು. ಇಪ್ಪತ್ತೇ ಉಳಿದಿದ್ದು.

ಒದ್ದೆ ಬಟ್ಟೆಯಡಿ ಇದ್ದ ಉಕಡ ಆರಿಹೋಗಿತ್ತು. ದಳ ಏಳಲೇ ಇಲ್ಲ. ಕ್ಯಾಲೆಂಡರಿನ ಚಂದ್ರೋದಯಕ್ಕೆ ಇನ್ನು ಕಾಲು ಗಂಟೆ. ಉಳಿದಿದ್ದ ಒಂದು ಎಲೆಗೆ ಆ ಉಕಡವನ್ನೇ ಒದ್ದೆ ಕೈಯಲ್ಲಿ ತಟ್ಟಿ, ಹೂರಣ ಹಾಕಿ, ಮಡಚಿ ಉಗಿಗಿಟ್ಟೆ. ಇಪ್ಪತ್ತು ಮೋದಕದ ಪಕ್ಕ ಒಂದು ಉದ್ದನೆಯ ಕಡುಬು. ಹಾಗೇ ನೈವೇದ್ಯ ಮಾಡಿದೆ.

ಚಂದ್ರ ಮೋಡದಲ್ಲಿದ್ದ. ಗೇಟಿನ ಬೀದಿದೀಪದಾಚೆ ಪೂರ್ವಕ್ಕೆ ಕೈ ಮುಗಿದು, ಬಾಲ್ಕನಿಯ ತುಳಸಿಗೆ ಬೀಳುವಂತೆ ಅರ್ಘ್ಯ ಬಿಟ್ಟೆ. ಇವರು ಮೋದಕದ ತುದಿ ಮುರಿದು, ತುಪ್ಪ ಸುರಿದು, ಬಾಯಿಗಿಟ್ಟು, ನನ್ನನ್ನು ನೋಡಿದರು.

“ಹಿಟ್ಟಿಗೆ ಉಪ್ಪು ಹಾಕಿದ್ದೀಯಾ?”

ಹಾಕಿರಲಿಲ್ಲ. ತುಪ್ಪದ ಡಬ್ಬಿಯನ್ನು ಅವರ ಕಡೆ ಸರಿಸಿ, ನಾನು ಆ ಕಡುಬಿನ ಎಲೆ ಬಿಡಿಸಿದೆ.