ಸ್ಟಂಟೆಡ್ ಅಂದರೆ ಬರೀ ಕುಳ್ಳು ಅಲ್ಲ

ಕುಂಡ ಬದಲಿಸೋಣ ಅಂತ ಇವತ್ತು ಗಿಡ ಎತ್ತಿದರೆ ಒಳಗೆ ಮಣ್ಣಿಗಿಂತ ಬೇರೇ ಜಾಸ್ತಿ. ಜಾಗ ಸಿಗದೆ ಸುತ್ತಿ ಸುತ್ತಿ, ಕುಂಡದ ಆಕಾರದಲ್ಲೇ ಗಟ್ಟಿಯಾಗಿಬಿಟ್ಟಿದ್ದವು. ಎರಡು ವರ್ಷದಿಂದ ಗೇಣುದ್ದಕ್ಕೇ ನಿಂತಿತ್ತು ಪಾಪ. ಇಂಥದ್ದಕ್ಕೆ ಇಂಗ್ಲಿಷಿನಲ್ಲಿ ‘ಸ್ಟಂಟೆಡ್’ ಅನ್ನುತ್ತಾರೆ.

ಹಳೇ ಇಂಗ್ಲಿಷಿನಲ್ಲಿ ‘ಸ್ಟಂಟ್’ ಅಂದರೆ ಮಂದ, ದಡ್ಡ ಅಂತ. ನಮ್ಮ ‘ಕುಂಠಿತ’ದ ಮೂಲದಲ್ಲಿರುವ ‘ಕುಂಠ’ಕ್ಕೂ ಮೊಂಡು, ಮಂದ ಅನ್ನೋದೇ ಅರ್ಥ. ಎಲ್ಲಿಂದೆಲ್ಲಿಗೆ!

ಮಕ್ಕಳ ವಿಷಯದಲ್ಲಿ ಮಾತ್ರ ಈ ಪದ ಅಳತೆಯದ್ದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ವಯಸ್ಸಿಗೆ ತಕ್ಕ ಎತ್ತರ ಇಲ್ಲದಿದ್ದರೆ ‘ಸ್ಟಂಟಿಂಗ್’, ಎತ್ತರಕ್ಕೆ ತಕ್ಕ ತೂಕ ಇಲ್ಲದಿದ್ದರೆ ‘ವೇಸ್ಟಿಂಗ್’. ಮೊದಲನೆಯದು ಬಹುಕಾಲದ ಕೊರತೆ, ಎರಡನೆಯದು ಸಾಮಾನ್ಯವಾಗಿ ಇತ್ತೀಚಿನದು. ಎರಡನ್ನೂ ‘ಅಪೌಷ್ಟಿಕತೆ’ ಅಂತ ಒಂದೇ ಮೂಟೆಗೆ ತುಂಬಿದಾಗ ನನಗೆ ಸಂಕಟವಾಗುತ್ತೆ.

‘ರಿಟಾರ್ಡೆಡ್’ ಪದದ ಕಥೆ ಇನ್ನೂ ನೋವಿನದು. ಲ್ಯಾಟಿನ್ನಿನ ‘ಟಾರ್ಡಸ್’, ಅಂದರೆ ನಿಧಾನ. ಅಷ್ಟೇ ಇದ್ದದ್ದು. ಬುದ್ಧಿಯ ಬೆಳವಣಿಗೆ ಕುಂದಿದವರಿಗೆ ವೈದ್ಯರು ಬಳಸುತ್ತಿದ್ದ ಪದ, ಜನರ ಬಾಯಲ್ಲಿ ಬೈಗುಳವಾಯಿತು. 2010ರಲ್ಲಿ ಅಮೆರಿಕ ‘ರೋಸಾಸ್ ಲಾ’ ತಂದು ಹಲವು ಫೆಡರಲ್ ಕಾನೂನುಗಳಿಂದ ಅದನ್ನು ತೆಗೆಯಿತು. ಗರ್ಭದಲ್ಲಿರುವ ಮಗುವಿನ ಬೆಳವಣಿಗೆ ಕುಂದಿದಾಗಲೂ ವೈದ್ಯರು ಈಗ ‘ರಿಟಾರ್ಡೇಶನ್’ ಬಿಟ್ಟು ‘ರಿಸ್ಟ್ರಿಕ್ಷನ್’ ಅನ್ನುತ್ತಾರೆ. ಈ ಬದಲಾವಣೆ ನನಗೆ ತುಂಬಾ ಹಿಡಿಸಿತು. ‘ನಿಧಾನ’ ಅಂದರೆ ಕೊರತೆ ಮಗುವಿನದೇ ಅನ್ನಿಸುತ್ತೆ. ‘ತಡೆ’ ಅಂದಾಗ, ತಡೆದದ್ದು ಏನು ಅಂತ ಹುಡುಕೋಕೆ ಶುರುಮಾಡ್ತೀವಿ.

ಬೇರುಗಳನ್ನ ಬೆರಳಲ್ಲಿ ಮೆಲ್ಲಗೆ ಬಿಡಿಸಿ ದೊಡ್ಡ ಕುಂಡಕ್ಕೆ ಹಾಕಿದ್ದೇನೆ. ಎರಡು ಎಲೆ ಬಾಡಿವೆ, ತುದಿಯ ಚಿಗುರು ಹಾಗೇ ಇದೆ.