ಸಲಿಕೆ ಕಾರಿನಲ್ಲೇ ಇರಲಿ

ಕ್ಯಾಲಿಫೋರ್ನಿಯಾದ 49ನೇ ಹೆದ್ದಾರಿಗೆ ಆ ನಂಬರು ಸುಮ್ನೆ ಬಂದದ್ದಲ್ಲ. 1849ರಲ್ಲಿ ಚಿನ್ನದ ಆಸೆಗೆ ಇಲ್ಲಿಗೆ ನುಗ್ಗಿದವರನ್ನು ‘ಫಾರ್ಟಿನೈನರ್ಸ್’ ಅಂತಾರೆ. ಅವರು ಕಟ್ಟಿದ ಊರುಗಳನ್ನೇ ಒಂದೊಂದಾಗಿ ಮುಟ್ಟುತ್ತಾ ಈ ರಸ್ತೆ ಬೆಟ್ಟದ ಬುಡದಲ್ಲಿ ಹಾದುಹೋಗುತ್ತದೆ. ಸ್ಯಾಕ್ರಮೆಂಟೊದಿಂದ 50ನೇ ಹೆದ್ದಾರಿ ಹಿಡಿದು ಪ್ಲಾಸರ್‌ವಿಲ್ ತಲುಪಿ, ಅಲ್ಲಿ ಎಡಕ್ಕೆ ತಿರುಗಿ 49ಕ್ಕೆ ಸೇರಿದೆವು. ತಿರುವು ಮೇಲೆ ತಿರುವು. ಹಿಂದಿನ ಸೀಟಿನಲ್ಲಿ ಮಾವ. ಮುಂಡರಗಿಯಲ್ಲಿ ಮೇಷ್ಟ್ರಾಗಿ ರಿಟೈರ್ ಆದವರು, ಮಗಳ ಮನೆಗೆ ಅಂತ ಬಂದಿದ್ದರು. ಡಿಸ್ನಿಲ್ಯಾಂಡ್ ಬೇಡ, ಬಂಗಾರ ಸಿಗೋ ಹೊಳೆ ತೋರಿಸಿ ಅಂತ ಹಟ ಹಿಡಿದದ್ದು ಅವರೇ.

ಆ ಹಟಕ್ಕೆ ಕಾರಣ ಇತ್ತು. ಅವರ ಊರಿನ ಹತ್ತಿರದ ಕಪ್ಪತಗುಡ್ಡದ ಹಳ್ಳಗಳಲ್ಲಿ ಹಿಂದೆ ಜಾಲಗಾರರು ಮಳೆಗಾಲ ಮುಗಿದ ಮೇಲೆ ಮರಳು ಜಾಲಿಸಿ ಬಂಗಾರದ ಪುಡಿ ತೆಗೆಯುತ್ತಿದ್ದರು. ಬ್ರಿಟಿಷರ ಕಾಲದ ದಾಖಲೆಗಳಲ್ಲೂ ಈ ವಿಷಯ ಇದೆ. 2019ರಲ್ಲಿ ಕಪ್ಪತಗುಡ್ಡ ವನ್ಯಜೀವಿಧಾಮ ಆಯಿತು. ಅಮೆರಿಕದವರು ಕಾಡನ್ನೂ ಕಾಯುತ್ತಾರೆ, ಚಿನ್ನ ಹುಡುಕೋಕೂ ಬಿಡುತ್ತಾರೆ ಅಂತ ಎಲ್ಲೋ ಕೇಳಿ ಮಾವನಿಗೆ ನಂಬಿಕೆ ಬಂದಿರಲಿಲ್ಲ.

ಅವರ ಅನುಮಾನ ಮುಕ್ಕಾಲು ಪಾಲು ಸರಿಯೇ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಕಲ್ಲು, ಮಣ್ಣು, ಖನಿಜ ಯಾವುದನ್ನೂ ಅಗೆಯುವ ಹಾಗಿಲ್ಲ, ಎತ್ತಿಕೊಂಡು ಹೋಗುವ ಹಾಗೂ ಇಲ್ಲ. ಮೆಟಲ್ ಡಿಟೆಕ್ಟರ್ ಬಳಸೋದಿರಲಿ, ಕೈಯಲ್ಲಿ ಹಿಡಿದು ಓಡಾಡಿದರೂ ತಪ್ಪು. ಕಾರಿನಲ್ಲಿ ಇದ್ದರೆ, ಬಳಸೋಕೆ ಆಗದ ಹಾಗೆ ಕಟ್ಟಿಟ್ಟಿರಬೇಕು. ನಿಯಮ ಮುರಿದರೆ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಒಂದಷ್ಟು ಜಾಗಗಳಿಗೆ ಮಾತ್ರ ವಿನಾಯಿತಿ. ಅಂಥದ್ದೊಂದು ಇದೇ ರಾಜ್ಯದ ಉತ್ತರದಲ್ಲಿದೆ: ವಿಸ್ಕಿಟೌನ್. ಅದು ಮಾರನೇ ದಿನಕ್ಕೆ. ಮೊದಲು ಕೊಲೋಮಾ, ಯಾಕೆಂದರೆ ಎಲ್ಲ ಶುರುವಾದದ್ದು ಅಲ್ಲಿ.

ಕೊಲೋಮಾ ಪುಟ್ಟ ಜಾಗ. ಅಮೆರಿಕನ್ ನದಿಯ ದಕ್ಷಿಣ ಕವಲಿನ ದಂಡೆಯಲ್ಲಿ ಜಾನ್ ಸಟರ್ ಎಂಬವನಿಗಾಗಿ ಜೇಮ್ಸ್ ಮಾರ್ಷಲ್ ಮರ ಕೊಯ್ಯುವ ಮಿಲ್ ಕಟ್ಟಿಸುತ್ತಿದ್ದ. 1848ರ ಜನವರಿ 24ರಂದು ಮಿಲ್ಲಿನ ಕಾಲುವೆಯಲ್ಲಿ ಅವನಿಗೆ ಚಿನ್ನದ ಚೂರು ಕಂಡಿತು. ಆಗ ಕಾಗದದ ಮೇಲೆ ಇದು ಮೆಕ್ಸಿಕೊದ ನೆಲ. ಅಮೆರಿಕಕ್ಕೆ ಬಿಟ್ಟುಕೊಡುವ ಒಪ್ಪಂದಕ್ಕೆ ಸಹಿ ಬಿದ್ದದ್ದು ಒಂಬತ್ತು ದಿನ ಆದಮೇಲೆ. ಮೊದಲಿನಿಂದ ಅಲ್ಲೇ ಇದ್ದ ನಿಸೆನಾನ್ ಜನರನ್ನಂತೂ ಯಾರೂ ಕೇಳಲಿಲ್ಲ. ಮಾರ್ಷಲ್ ಕೊನೆಗೆ ಬಡವನಾಗಿಯೇ ಸತ್ತ. ಗುಡ್ಡದ ಮೇಲೆ ಅವನ ಪ್ರತಿಮೆ ಇದೆ, ಚಿನ್ನ ಸಿಕ್ಕ ಜಾಗಕ್ಕೆ ಬೆರಳು ತೋರಿಸುತ್ತಾ ನಿಂತಿದೆ. ಬದುಕಿದ್ದಾಗ ಕೈಹಿಡಿಯದವರು ಸತ್ತ ಮೇಲೆ ಪ್ರತಿಮೆ ನಿಲ್ಲಿಸೋದು ಎಲ್ಲ ಕಡೆ ಒಂದೇ ನೋಡಿ.

ಇದು ರಾಜ್ಯ ಸರ್ಕಾರದ ಉದ್ಯಾನ. ಮಿಲ್ಲಿನ ಎದುರು ದಡದಲ್ಲಿ, ಒಂದೇ ಗಾಡಿ ಹೋಗುವಷ್ಟು ಅಗಲದ ಸೇತುವೆ ದಾಟಿದರೆ, ಚಿನ್ನ ಜಾಲಿಸಬಹುದು. ಷರತ್ತು ಒಂದೇ: ಕೈ ಮತ್ತು ಪ್ಯಾನ್ (ಜಾಲಿಸುವ ಅಗಲ ಬಾಯಿಯ ತಟ್ಟೆ) ಮಾತ್ರ. ಸಲಿಕೆ ಇಲ್ಲ, ಗುದ್ದಲಿ ಇಲ್ಲ, ಕರಣೆ ಕೂಡ ಇಲ್ಲ. ನಮ್ಮ ಡಿಕ್ಕಿಯಲ್ಲಿ ತೋಟದ ಸಣ್ಣ ಸಲಿಕೆ ಇತ್ತು. ಅದು ಅಲ್ಲೇ ಉಳಿಯಿತು.

“ಕೈಲೆ ಕೆದರಬಹುದು, ಸಲಿಕಿ ಹಿಡದ್ರ ತಪ್ಪು. ಇದ್ಯಾವ ನ್ಯಾಯರೀ ಅಳಿಯಂದ್ರ?” ಅಂದರು ಮಾವ.

ನಾನು ಓದಿಕೊಂಡು ಹೋಗಿದ್ದ ರಾಜ್ಯದ ನಿಯಮ ಹೇಳಿದೆ. ಒಬ್ಬರು ದಿನಕ್ಕೆ 15 ಪೌಂಡ್, ಅಂದರೆ ಹೆಚ್ಚುಕಡಿಮೆ ಏಳು ಕಿಲೋ ಖನಿಜ ಒಯ್ಯಬಹುದು. ಮಾರುವ ಹಾಗಿಲ್ಲ. ನೀವು ಎಬ್ಬಿಸಿದ ರಾಡಿ 20 ಅಡಿ ಆಚೆಗೂ ಕಂಡರೆ, ಹೊಳೆಯನ್ನು ಜಾಸ್ತಿ ಕೆದಕಿದಿರಿ ಅಂತ ಲೆಕ್ಕ. ಮಾವ ಒಂದು ಕ್ಷಣ ಯೋಚಿಸಿದರು. “ಹದಿನಾರು ಪೌಂಡ್ ಬಂಗಾರ ಸಿಕ್ಕರ, ಒಂದು ಪೌಂಡ್ ವಾಪಸ್ ಹೊಳಿಗೆ ಒಗೀಬೇಕೇನು?”

ಜಾಲಿಸುವ ಕೆಲಸ ಅಕ್ಕಿಯಿಂದ ಕಲ್ಲು ತೆಗೆಯುವ ಹಾಗೇ, ಆದರೆ ಇಲ್ಲಿ ಬೇಕಾದ್ದು ತಳದಲ್ಲಿ ಉಳಿಯುವುದು. ಚಿನ್ನ ಸಾಮಾನ್ಯ ಮರಳಿಗಿಂತ ಏಳು ಪಟ್ಟು ಭಾರ. ಹೊಳೆ ತಿರುಗುವಲ್ಲಿ ಒಳಮಗ್ಗುಲಿಗೆ, ದೊಡ್ಡ ಬಂಡೆಯ ಹಿಂದೆ, ಹಾಸುಗಲ್ಲಿನ ಬಿರುಕಿನಲ್ಲಿ ನೀರಿನ ಜೋರು ಇಳಿಯುತ್ತದೆ. ಭಾರದ್ದು ಅಲ್ಲೇ ಕೂತುಬಿಡುತ್ತದೆ. ಪ್ಯಾನಿನ ಒಂದು ಬದಿಗೆ ಗೀರುಗಳಿರುತ್ತವೆ. ಬಿರುಕಿನಿಂದ ಬೆರಳಲ್ಲಿ ಕೆದರಿದ ಮರಳು ತುಂಬಿ, ನೀರಲ್ಲಿ ಮುಳುಗಿಸಿ, ಮೊದಲು ಜೋರಾಗಿ ಅಲ್ಲಾಡಿಸಬೇಕು. ಆಮೇಲೆ ಗೀರಿನ ಬದಿ ಬಗ್ಗಿಸಿ, ಮೇಲಿನ ಮರಳು ನೀರಿನ ಜೊತೆ ಹೋಗಲು ಬಿಡಬೇಕು. ಹೀಗೇ ಮಾಡ್ತಾ ಮಾಡ್ತಾ ಕೊನೆಗೆ ಒಂದು ಚಮಚ ಕಪ್ಪು ಮರಳು ಉಳಿಯುತ್ತದೆ, ಅದರಲ್ಲಿ ಕಬ್ಬಿಣದ ಅಂಶವೇ ಜಾಸ್ತಿ. ನೀರೋ, ಹಿಮ ಕರಗಿ ಬಂದದ್ದು. ಬೆರಳು ಮರಗಟ್ಟಿತು. ನನ್ನ ಪ್ಯಾನಿನಲ್ಲಿ ಅಭ್ರಕ ಮಿರಮಿರ ಮಿನುಗಿ ಆಸೆ ಹುಟ್ಟಿಸಿತು. ನೆರಳಿಗೆ ಹಿಡಿದರೆ ಅಭ್ರಕ ಮಂಕಾಗುತ್ತದೆ, ಚಿನ್ನ ಆಗಲ್ಲ. ಮಾವನ ಪ್ಯಾನಿನಲ್ಲಿ ಕಪ್ಪು ಮರಳಿನ ಅಂಚಿಗೆ ಸೂಜಿಮೊನೆಯಷ್ಟು ಒಂದು ಚುಕ್ಕೆ ಇತ್ತು. ನೀರು ಹರಿದರೂ ಜಾಗ ಬಿಡಲಿಲ್ಲ. ನೆರಳಲ್ಲೂ ಹಳದಿಯೇ.

ಸಲಿಕೆಗೆ ಯಾಕೆ ಇಷ್ಟು ಹೆದರಿಕೆ ಅಂತ ತಿಳಿಯಲು ಈ ಬೆಟ್ಟಗಳ ಕಥೆ ಗೊತ್ತಿರಬೇಕು. ಹೊಳೆಯ ಚಿನ್ನ ಮುಗಿದ ಮೇಲೆ ಕಂಪನಿಗಳು ದೊಡ್ಡ ಕೊಳವೆಗಳಿಂದ ನೀರು ಚಿಮ್ಮಿಸಿ ಗುಡ್ಡಗಳನ್ನೇ ಕರಗಿಸಿದವು. ಆ ಕೆಸರು ಕೆಳಗಿನ ರೈತರ ಹೊಲಗಳನ್ನು ಮುಚ್ಚಿತು. ರೈತರ ಪರವಾಗಿ 1884ರಲ್ಲಿ ನ್ಯಾಯಾಧೀಶ ಲೊರೆಂಜೊ ಸಾಯರ್ ತೀರ್ಪು ಕೊಟ್ಟ ಮೇಲೆ ಆ ದಂಧೆಗೆ ತಡೆ ಬಿತ್ತು. ಆದರೆ ಚಿನ್ನದ ಪುಡಿ ಹಿಡಿಯಲು ಬಳಸಿದ ಪಾದರಸ ಹೊಳೆ ಸೇರಿಯಾಗಿತ್ತು. ಇವತ್ತಿಗೂ ಕೆಲವು ಕಡೆ ಮೀನು ಇಷ್ಟೇ ತಿನ್ನಿ ಅಂತ ಎಚ್ಚರಿಕೆ ಇದೆ. ಹೊಳೆಯ ತಳವನ್ನು ಮೋಟಾರಿನಿಂದ ಹೀರಿ ಚಿನ್ನ ಸೋಸುವುದನ್ನು 2009ರಲ್ಲಿ ರಾಜ್ಯ ತಡೆದದ್ದಕ್ಕೆ ಕೊಟ್ಟ ಕಾರಣಗಳಲ್ಲಿ ಈ ಪಾದರಸವೂ ಒಂದು. ಹಾಗಾಗಿ ನಿಯಮ ನಿಮಗೆ ಸಿಕ್ಕ ಚಿನ್ನವನ್ನು ತೂಗುವುದಕ್ಕಿಂತ ಜಾಸ್ತಿ, ನಿಮ್ಮ ಕೈಯಲ್ಲಿ ಏನಿದೆ ಅಂತ ನೋಡುತ್ತದೆ. ನನಗಂತೂ ಇದು ಸರಿ ಅನಿಸಿತು. ಬರಿಗೈಯಲ್ಲಿ ಒಬ್ಬ ಮನುಷ್ಯ ಒಂದು ದಿನದಲ್ಲಿ ಎಷ್ಟು ಹಾಳು ಮಾಡಿಯಾನು?

ಮಾರನೇ ದಿನ ರೆಡ್ಡಿಂಗ್ ಊರಿನಿಂದ 299ನೇ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೊರಟರೆ ಸ್ವಲ್ಪ ಹೊತ್ತಿಗೇ ವಿಸ್ಕಿಟೌನ್ ಕೆರೆ. ಇಲ್ಲಿನ ಕ್ಲಿಯರ್ ಕ್ರೀಕ್ ಹೊಳೆಯಲ್ಲೂ 1848ರಲ್ಲೇ ಚಿನ್ನ ಸಿಕ್ಕಿತ್ತು. ಹಳೆಯ ಗಣಿಯೂರು ಈಗ ನೀರಿನಡಿ. ಅಣೆಕಟ್ಟನ್ನು ಉದ್ಘಾಟಿಸಿದವರು ಅಧ್ಯಕ್ಷ ಕೆನೆಡಿ, 1963ರ ಸೆಪ್ಟೆಂಬರಿನಲ್ಲಿ, ಕೊಲೆಯಾಗುವ ಎರಡು ತಿಂಗಳ ಮುಂಚೆ. ಸುತ್ತಲಿನ ಗುಡ್ಡಗಳಲ್ಲಿ ಸುಟ್ಟ ಮರಗಳು ಇನ್ನೂ ನಿಂತಿವೆ. 2018ರಲ್ಲಿ ‘ಕಾರ್’ (Carr) ಅನ್ನೋ ಹೆಸರಿನ ಕಾಡ್ಗಿಚ್ಚು ಈ ಉದ್ಯಾನವನ್ನು ಬಹುತೇಕ ಪೂರ್ತಿ ಸುಟ್ಟಿತ್ತು. ಒಂದು ಟ್ರೈಲರಿನ ಟೈರು ಒಡೆದು, ರಿಮ್ಮು ರಸ್ತೆಗೆ ಉಜ್ಜಿ ಹಾರಿದ ಕಿಡಿಯಿಂದ ಅದು ಹೊತ್ತಿಕೊಂಡದ್ದು.

ಇಲ್ಲಿ ಜಾಲಿಸಲು ಪರವಾನಗಿ ಚೀಟಿ ಬೇಕು. ಕೌಂಟರಿನಲ್ಲಿದ್ದ ರೇಂಜರ್ ಹೆಂಗಸು ಅದರ ಜೊತೆಗೆ ನಿಯಮಗಳನ್ನೂ ಬಾಯಲ್ಲಿ ಒಪ್ಪಿಸಿದರು. ಪ್ಯಾನ್ ಸರಿ, ಮೋಟಾರು ಇಲ್ಲ, ನೀರು ಹರಿಸಿ ಚಿನ್ನ ಸೋಸುವ ಸ್ಲೂಯಿಸ್ ಪೆಟ್ಟಿಗೆ ಇಲ್ಲ, ಡಿಟೆಕ್ಟರ್ ಇಲ್ಲ, ಮೋಜಿಗೆ ಮಾತ್ರ. ಅಲಾಸ್ಕಾದ ಹಲವು ರಾಷ್ಟ್ರೀಯ ಉದ್ಯಾನಗಳಲ್ಲೂ ಕೈ ಪ್ಯಾನಿಗೆ ಅವಕಾಶ ಇದೆ. ಅಲ್ಲಿನ ನಿಯಮದ ತಮಾಷೆ ಅಂದರೆ ಚಿನ್ನ ಎತ್ತಿಕೊಳ್ಳಬಹುದು, ಬೆಳ್ಳಿ ಮುಟ್ಟೋ ಹಾಗಿಲ್ಲ. ಪ್ಲಾಟಿನಂ, ರತ್ನದ ಕಲ್ಲು ಕೂಡ ಬೇಡ. ಇದನ್ನು ಹೇಳಿದಾಗ ಮಾವ ನಗೋದು ನಿಲ್ಲಿಸಲೇ ಇಲ್ಲ.

ಗೊಂದಲ ಇರುವುದು ಗಡಿಗಳಲ್ಲಿ. ರಾಷ್ಟ್ರೀಯ ಉದ್ಯಾನ ಒಳಾಡಳಿತ ಇಲಾಖೆಯದು, ರಾಷ್ಟ್ರೀಯ ಅರಣ್ಯ ಕೃಷಿ ಇಲಾಖೆಯದು. ಅದೇ ಹೆದ್ದಾರಿಯಲ್ಲಿ ಮುಂದೆ ಹೋದರೆ ಟ್ರಿನಿಟಿ ಅರಣ್ಯ. ಅಲ್ಲಿ 1872ರ ಗಣಿ ಕಾಯ್ದೆ ಈಗಲೂ ನಡೆಯುತ್ತದೆ, ಪ್ಯಾನ್ ಹಿಡಿದು ಹೋದವರನ್ನು ಸಾಮಾನ್ಯವಾಗಿ ಯಾರೂ ತಡೆಯಲ್ಲ. ಆದರೆ ಆ ಜಾಗಕ್ಕೆ ಬೇರೊಬ್ಬರ ‘ಕ್ಲೇಮ್’, ಅಂದರೆ ಗಣಿ ಹಕ್ಕು, ಇದ್ದರೆ ನೀವು ಎತ್ತಿದ್ದು ಅವರ ಚಿನ್ನ. ಎಲ್ಲ ಕಡೆ ಒಂದೇ ಪೈನ್ ಮರ, ಒಂದೇ ಥರದ ಹೊಳೆ. ಕಾನೂನು ಮಾತ್ರ ಬೇರೆ.

ಕ್ಲಿಯರ್ ಕ್ರೀಕಿನಲ್ಲಿ ನಮಗೆ ಏನೂ ಸಿಗಲಿಲ್ಲ. ಸೊಂಟ ನೋವು ಸಿಕ್ಕಿತು.

ಹೋಗುವವರಿದ್ದರೆ, ಕೊಲೋಮಾಗೆ ಬೆಳಿಗ್ಗೆ ಬೇಗ ಹೋಗಿ. ಮೇಲಿನ ಚಿಲಿ ಬಾರ್ ಅಣೆಕಟ್ಟಿನಿಂದ ನೀರು ಬಿಟ್ಟ ದಿನ ಹೊಳೆ ನೋಡ್ತಾ ನೋಡ್ತಾ ಏರುತ್ತದೆ, ರಾಫ್ಟಿಂಗಿನವರ ಗಲಾಟೆಯೂ ಶುರುವಾಗುತ್ತದೆ. ಮಕ್ಕಳಿದ್ದರೆ ದಡದಲ್ಲೇ ಇರಿಸಿಕೊಳ್ಳಿ. ಪ್ಯಾನ್ ಇಲ್ಲದಿದ್ದರೂ ಚಿಂತೆ ಇಲ್ಲ, ಅಲ್ಲೇ ಸಿಗುತ್ತದೆ. ಹಸಿರು ಪ್ಲಾಸ್ಟಿಕ್ಕಿನದು ತಗೊಳ್ಳಿ, ಅದರ ಮೇಲೆ ಹಳದಿ ಚುಕ್ಕೆ ಬೇಗ ಕಣ್ಣಿಗೆ ಬೀಳುತ್ತದೆ.