ಕಸೂತಿಯಲ್ಲಿ ಇಲಿಯ ಮಿದುಳು: ಕೆಂಪು ದಾರ ಮುಗಿಯಿತು

ಹೊಸದಾಗಿ ಓದುವವರಿಗೆ: ಕಪ್ಪು ಮ್ಯಾಟಿ ಬಟ್ಟೆಯ ಮೇಲೆ ಇಲಿಯ ಮಿದುಳಿನ ಉದ್ದ ಸೀಳನ್ನು ಕಸೂತಿ ಹಾಕುತ್ತಿದ್ದೇನೆ. ಮೂಗಿನ ಕಡೆ ಎಡಕ್ಕೆ, ಕಿರುಮಿದುಳು ಬಲಕ್ಕೆ. ನರಕೋಶಗಳು ಒಂದಕ್ಕೊಂದು ಸಂದೇಶ ಕಳಿಸಲು ಬಳಸುವ ರಾಸಾಯನಿಕಗಳನ್ನು ತಯಾರಿಸುವ ಕಿಣ್ವಗಳಿವೆಯಲ್ಲ, ಅವುಗಳಲ್ಲಿ ಒಂದೊಂದಕ್ಕೆ ಒಂದೊಂದು ಬಣ್ಣ. ಎಲ್ಲಿ ಏನು ಅನ್ನುವುದಕ್ಕೆ ಅಲೆನ್ ಅಟ್ಲಾಸ್ ನೋಡುತ್ತೇನೆ, ಮಿದುಳಿನಲ್ಲಿ ಯಾವ ಜೀನ್ ಎಲ್ಲಿ ಸಕ್ರಿಯ ಎಂದು ತೋರಿಸುವ ಆನ್‌ಲೈನ್ ನಕ್ಷೆ ಅದು. 56 ದಿನ ವಯಸ್ಸಿನ ಇಲಿಗಳ ಮಿದುಳು, ಸುಮಾರು 20,000 ಜೀನ್‌ಗಳ ಚಿತ್ರ, ಎಲ್ಲಾ ಪುಕ್ಕಟೆ.

ಕೆಂಪು ಅಂದರೆ ಟೈರೋಸಿನ್ ಹೈಡ್ರಾಕ್ಸಿಲೇಸ್. ಟೈರೋಸಿನ್ ಎಂಬ ಅಮೈನೋ ಆಮ್ಲವನ್ನು ಎಲ್-ಡೋಪಾ ಮಾಡುವುದು ಇದೇ. ಡೋಪಮೈನ್, ನಾರ್‌ಅಡ್ರಿನಲಿನ್ ಎಂಬ ಎರಡು ಸಂದೇಶವಾಹಕಗಳೂ ಇಲ್ಲಿಂದಲೇ ಶುರು. ಘ್ರಾಣ ಗಡ್ಡೆಯ ಅಂಚಿನಲ್ಲಿ ಒಂದು ಸಾಲು, ನಡುಮಿದುಳಿನ ತಳದಲ್ಲಿ ಸಬ್‌ಸ್ಟಾನ್ಷಿಯಾ ನೈಗ್ರಾ, ಕಿರುಮಿದುಳಿನ ಕೆಳಗೆ ಲೋಕಸ್ ಸೆರುಲಿಯಸ್. ಈ ಕೊನೆಯದು ನನ್ನ ಬಟ್ಟೆಯಲ್ಲಿ ಬರೀ ಆರೇಳು ಮೆಂತೆ ಹೊಲಿಗೆ (ಅಡ್ಡಡ್ಡ ದಾಟುವ ಹೊಲಿಗೆ), ಅಷ್ಟೇ. ಅದರ ನಡುವೆ ಹಳದಿಯನ್ನೂ ಸೇರಿಸಿದೆ. ಡೋಪಮೈನನ್ನು ನಾರ್‌ಅಡ್ರಿನಲಿನ್ ಮಾಡುವ ಡಿಬಿಎಚ್ ಕಿಣ್ವ ಇಲ್ಲಿದೆ, ನೈಗ್ರಾದಲ್ಲಿ ಇಲ್ಲ.

ತಲೆ ಕೆಡಿಸಿದ್ದು ಸ್ಟ್ರಯೇಟಮ್, ಮಿದುಳಿನ ಒಳಗಿನ ಒಂದು ಭಾಗ. ಕಿಣ್ವಕ್ಕೇ ಅಂಟುವ ಆಂಟಿಬಾಡಿ ಹಾಕಿ ತೆಗೆದ ಚಿತ್ರಗಳಲ್ಲಿ ಅದು ಗಾಢವಾಗಿ ಬಣ್ಣ ಹಿಡಿದಿರುತ್ತದೆ. ಅಟ್ಲಾಸಿನಲ್ಲಿ ನೋಡಿದರೆ ಹೆಚ್ಚುಕಡಿಮೆ ಖಾಲಿ. ಎರಡೂ ಸರಿಯೇ. ಅಟ್ಲಾಸ್ ತೋರಿಸುವುದು ಎಂಆರ್‌ಎನ್‌ಎ, ಅಂದರೆ ಕಿಣ್ವ ತಯಾರಿಸಲು ಜೀನ್‌ನಿಂದ ಬರುವ ನಕಲು; ಅದು ಬಹುಪಾಲು ನರಕೋಶದ ಒಡಲಲ್ಲೇ ಉಳಿಯುತ್ತದೆ. ಕಿಣ್ವ ಹಾಗಲ್ಲ. ನೈಗ್ರಾದಲ್ಲಿ ತಯಾರಾಗಿ, ಆಕ್ಸಾನ್ (ನರಕೋಶದ ಉದ್ದನೆಯ ಎಳೆ) ಹಿಡಿದು ಸ್ಟ್ರಯೇಟಮ್‌ವರೆಗೂ ಹೋಗುತ್ತದೆ. ಸುಮ್ನೆ ಅಟ್ಲಾಸ್ ನೋಡಿ ಹೊಲಿದಿದ್ದರೆ ಡೋಪಮೈನ್ ಸುರಿಯುವ ಜಾಗವೇ ಬರಿದಾಗುತ್ತಿತ್ತು, ಅಲ್ವಾ?

ಹಾಗಾಗಿ ಹೊಲಿಗೆಯಲ್ಲೇ ಭೇದ ಮಾಡಿದೆ. ಕಿಣ್ವ ತಯಾರಾಗುವ ಕಡೆ ಮೆಂತೆ, ಒತ್ತೊತ್ತಾಗಿ. ಅದು ಸಾಗಿ ಸೇರುವ ಕಡೆ ಗವಂತಿ, ಬರೀ ಗೆರೆ. ಗವಂತಿ ಎರಡೂ ಬದಿಗೆ ಒಂದೇ ಥರ ಕಾಣುತ್ತದೆ, ಹಿಂದೆ ಗಂಟಿಲ್ಲ. ಧಾರವಾಡದಿಂದ ಬಂದ ಅತ್ತೆ ಮೊದಲು ಬಟ್ಟೆ ತಿರುವಿ ಹಿಂಬದಿಯನ್ನೇ ನೋಡಿದರು. ಆಮೇಲೆ "ಇದ್ಯಾವ ಗೋಪುರವ್ವಾ?" ಅಂದರು.

ಸೆರೊಟೋನಿನ್ ತಯಾರಿಸುವ ಟಿಪಿಎಚ್2 ಕಿಣ್ವ ಈ ಬಟ್ಟೆಗೆ ಬರುವುದಿಲ್ಲ. ಅದು ಇರುವ ರಾಫೆ ಎಂಬ ಗುಂಪಿನ ಕೋಶಗಳು ಮಿದುಳಿನ ಮಧ್ಯರೇಖೆಗೆ ಅಂಟಿಕೊಂಡಿವೆ. ನೈಗ್ರಾ ಇರುವುದು ಸುಮಾರು ಒಂದು ಮಿಲಿಮೀಟರ್ ಪಕ್ಕಕ್ಕೆ. ಒಂದೇ ಸೀಳಿನಲ್ಲಿ ಎರಡನ್ನೂ ತೋರಿಸಿದರೆ ಸುಳ್ಳಾಗುತ್ತದೆ. ಅದಕ್ಕೆ ಬೇರೆ ತುಂಡು. ನರಕೋಶಗಳನ್ನು ತಡೆಯುವ ಸಂದೇಶವಾಹಕ ಗಾಬಾ; ಅದನ್ನು ತಯಾರಿಸುವ ಗ್ಯಾಡ್ ಕಿಣ್ವ ಎಲ್ಲೆಲ್ಲೂ ಇದೆ, ಪೂರ್ತಿ ಹಾಕಿದರೆ ಬಟ್ಟೆಯೇ ಕಾಣುವುದಿಲ್ಲ. ಕಿರುಮಿದುಳಿನ ಪರ್ಕಿಂಜೆ ಕೋಶಗಳ ಸಾಲಿಗೆ ಮಾತ್ರ ಒಂದು ನೀಲಿ ಗೆರೆ ಎಳೆದು ಬಿಟ್ಟಿದ್ದೇನೆ.

ಮುಂದಿನದು ಬೆನ್ನುಹುರಿಯ ಅಡ್ಡ ಸೀಳು. ಅಸೆಟೈಲ್‌ಕೋಲಿನ್ ತಯಾರಿಸುವ ಚಾಟ್ ಕಿಣ್ವಕ್ಕೆ ಹಸಿರು, ಹೊಟ್ಟೆಯ ಕಡೆಯ ಕೊಂಬಿನಾಕಾರದ ಭಾಗದಲ್ಲಿರುವ, ಸ್ನಾಯುಗಳನ್ನು ಆಡಿಸುವ ದೊಡ್ಡ ಮೋಟಾರ್ ನರಕೋಶಗಳಿಗೆ. ಇಲ್ಲಿ ಪುಣೆಯ ಕೋಥ್ರೂಡಿನ ಅಂಗಡಿಗಳಲ್ಲಿ ಬೇಕಾದ ಹಸಿರು ಸಿಗಲಿಲ್ಲ. ಶನಿವಾರ ತುಳಶೀಬಾಗ್ ಮಾರುಕಟ್ಟೆಗೆ ಹೋಗಬೇಕು, ಗದ್ದಲ ಶುರುವಾಗುವ ಮೊದಲೇ.